ಗೂಡನ್ನು ದೊಡ್ಡದು ಮಾಡಿದೆ

ಇಷ್ಟು ವರ್ಷ ನಿನ್ನನ್ನು "ರೀ" ಎಂದೇ ಕರೆದೆ. ಹೇಗೂ ಕಳಿಸದ ಪತ್ರವಿದು, ಇದಕ್ಕೆ ಏಕವಚನವೇ ಸಾಕು.

"ಈ ಗೂಡಲ್ಲಿ ಉಸಿರಾಡೋಕೂ ಜಾಗ ಇಲ್ಲ" ಎಂದು ನನ್ನನ್ನೂ ಹೆತ್ತ ತಾಯಿಯನ್ನೂ ಬಿಟ್ಟು ಆ ದೊಡ್ಡ ಮನೆಯವಳ ಹಿಂದೆ ಹೋದೆಯಲ್ಲ, ಆ ಗೂಡನ್ನು ಇವತ್ತು ದೊಡ್ಡದು ಮಾಡಿದೆ. ಕಪ್ಪಾಗಿದ್ದ ಗೋಡೆಗಳಿಗೆ ಮೊನ್ನೆಯೇ ಬಿಳಿ ಬಣ್ಣ ಹೊಡೆಸಿದ್ದೆ. ನಿನ್ನ ಕಬ್ಬಿಣದ ಬೀರುವನ್ನು ಬಟ್ಟೆಬರೆ ಸಮೇತ ಗುಜರಿಯವನಿಗೆ ಕೊಟ್ಟೆ.

"ಅಂಗಿಗಳು ಚೆನ್ನಾಗೇ ಇವೆಯಲ್ಲಮ್ಮ" ಎಂದ.

"ಹಾಕ್ಕೊಳ್ಳೋನು ಚೆನ್ನಾಗಿರ್ಲಿಲ್ಲ" ಎಂದೆ.

ಬೀರು ಇದ್ದ ಕಡೆ ಆಳೆತ್ತರದ ಕನ್ನಡಿ ನಿಲ್ಲಿಸಿದ ಮೇಲೆ ಕೋಣೆ ಎರಡರಷ್ಟು ಕಾಣತೊಡಗಿತು. ಅತ್ತೆ ಒಳಗೆ ಬರದೆ ಬಾಗಿಲಲ್ಲೇ ನಿಂತರು.

"ಅವನು ಬಂದ್ರೆ ಎಲ್ಲಿ ಮಲಗ್ತಾನೆ?"

"ಕನ್ನಡಿಯೊಳಗೆ ಮಲಗ್ಲಿ ಬಿಡಿ ಅತ್ತೆ, ಅಲ್ಲಿ ಬೇಕಾದಷ್ಟು ಜಾಗ ಇದೆ."

ಹೆತ್ತ ಕರುಳು, ನೋಯಲಿ ಎಂದೇ ಹಾಗೆ ಹೇಳಿದ್ದೆ. ಅವರು ಅಡುಗೆಮನೆಗೆ ಹೋದರು. ನನಗೆ ಹಾಯೆನಿಸಿತು.

ಊಟವಾದ ಮೇಲೆ ಅಗಲವಾದ ಹೊಸ ಹಾಸಿಗೆ ಹಾಸಿ ಸ್ವಲ್ಪ ಅಡ್ಡಾದೆ. ಕಣ್ಣು ಬಿಟ್ಟಾಗ ಅತ್ತೆ ಟೀ ಲೋಟ ಹಿಡಿದು ಪಕ್ಕದಲ್ಲಿ ನಿಂತಿದ್ದರು. ನಾನು ಹಲ್ಲಿಯ ಹಾಗೆ ಗೋಡೆಗೆ ಅಂಟಿಕೊಂಡು ಮಲಗಿದ್ದೆ. ಹಾಸಿಗೆಯ ಮುಕ್ಕಾಲು ಭಾಗ ಖಾಲಿಯಿತ್ತು.

"ಇಷ್ಟೆಲ್ಲಾ ಜಾಗ ಯಾರಿಗೆ ಬಿಟ್ಟಿದ್ದೀಯೇ?" ಎಂದು ಕೇಳಿದರು.

ಅವರು ಲೋಟವನ್ನು ನೆಲದ ಮೇಲಿಟ್ಟು ನಕ್ಕರು. ನೀನು ಹೋದ ಮೇಲೆ ನಿನ್ನ ತಾಯಿ ನಕ್ಕಿದ್ದು ಅದೇ ಮೊದಲು.