ತಕ್ಕಡಿಯ ಎಡ ಮೂಲೆ

ಜುಲೈ ಒಂಬತ್ತು, ಮಂಗಳವಾರ
ಹಾಸ್ಟೆಲಿನ ಎರಡನೇ ಮಹಡಿ, ಕಿಟಕಿ ಪಕ್ಕದ ಮೇಜು

ಅಮ್ಮಾ,

ಮೊದಲು ಕೂತುಕೋ. ಕೈಯಲ್ಲಿರುವ ಸ್ಕ್ರೂಡ್ರೈವರ್ ಕೆಳಗಿಡು. ತುರುಬಿಗೆ ಸಿಕ್ಕಿಸಿಕೊಂಡಿರುತ್ತೀಯಲ್ಲ ಚಿಕ್ಕದು, ಅದನ್ನೂ ತೆಗೆದಿಡು. ಹೋದ ಸಲದ ಹಾಗೆ ಗೋಡೆಗೆ ಒರಗಿ ಚುಚ್ಚಿಸಿಕೊಂಡು ಅಪ್ಪನನ್ನು ಬೈಯಬೇಡ.

ಫಿಸಿಕ್ಸ್ ಸೀಟು ಸಿಕ್ಕಿದ್ದನ್ನು ಬೆಳಿಗ್ಗೆಯೇ ಮನೆಯ ಗ್ರೂಪಿನಲ್ಲಿ ಹಾಕಿದೆನಲ್ಲ. ದೊಡ್ಡಪ್ಪ ಹದಿನೇಳು ಹೂಗುಚ್ಛ ಕಳಿಸಿದರು, ಎಣಿಸಿದೆ. ಅಪ್ಪ ಅಳುವ ಮುಖ ಹಾಕಿ, ಇದು ಖುಷಿಯ ಅಳು ಅಂತ ಕೆಳಗೆ ಇನ್ನೊಂದು ಮೆಸೇಜು ಹಾಕಿದ. ನೀನು ಒಂದು ಹೆಬ್ಬೆಟ್ಟು. ನಾಲ್ಕು ಸಾವಿರ ಜನ ಅರ್ಜಿ ಹಾಕಿದ ಕಡೆ ಇರುವುದು ನಲವತ್ತು ಸೀಟು, ಅದರಲ್ಲೊಂದು ನಿನ್ನ ಮಗಳದ್ದು, ಅದಕ್ಕೆ ಬರೀ ಒಂದು ಹೆಬ್ಬೆಟ್ಟಾ? ಹೋಗಲಿ ಬಿಡು. ಅಂಗಡಿಯವರ ತಕ್ಕಡಿ ಸರಿಯಾದಾಗಲೂ ನೀನು ಅಷ್ಟೇ ತೋರಿಸುವುದು.

ಆಮೇಲೆ ನಿನಗೊಬ್ಬಳಿಗೇ ಬರೆಯೋಣ ಅಂತ ಫೋನು ಹಿಡಿದೆ. ಹನ್ನೊಂದು ಸಲ ಟೈಪ್ ಮಾಡಿ ಹನ್ನೊಂದು ಸಲ ಅಳಿಸಿದೆ. ಏನೇ ಅದು, ಆಗಿಂದ ಬರೀತಾನೇ ಇದ್ದೀಯ, ಕಾದಂಬರೀನಾ ಅಂತ ನೀನೇ ಕೇಳಿದೆ. ಅಳಿಸುವ ಗುಂಡಿ ಬೆರಳಿನ ಕೆಳಗೇ ಇದ್ದರೆ ಈ ಮಾತು ಹೊರಡುವುದಿಲ್ಲ ಅಮ್ಮಾ. ಅದಕ್ಕೇ ಕಾಗದ, ಅದಕ್ಕೇ ಪೆನ್ನು. ಎಲ್ಲಿ ಗೀಚಿ ಹಾಕಿದ್ದೇನೋ ಅದೂ ನಿನಗೆ ಕಾಣಲಿ.

ಮೊದಲು ಪ್ರಾಕ್ಟಿಕಲ್ ಪರೀಕ್ಷೆಯ ಕಥೆ. ಬರಹದ ಪರೀಕ್ಷೆ ದಾಟಿದ ನೂರಾ ಇಪ್ಪತ್ತು ಜನರನ್ನು ಮೂವತ್ತು ಮೂವತ್ತರ ತಂಡ ಮಾಡಿ ಲ್ಯಾಬಿಗೆ ಕರೆದಿದ್ದರು. ಉದ್ದನೆಯ ಕೋಣೆ, ಗಾಜಿನ ಕಪಾಟುಗಳು, ಫಿನಾಯಿಲ್ ವಾಸನೆ. ಒಂದೊಂದು ಮೇಜಿನ ಮೇಲೂ ಒಂದು ಎಲೆಕ್ಟ್ರಾನಿಕ್ ತಕ್ಕಡಿ, ಒಂದು ನೀರಿನ ಜಾಡಿ, ನಂಬರ್ ಹಚ್ಚಿದ ಹತ್ತು ಲೋಹದ ತುಂಡು. ಒಂಬತ್ತು ಒಂದೇ ಲೋಹದ್ದು, ಒಂದು ಬೇರೆಯದ್ದು. ನೋಡಲು ಎಲ್ಲವೂ ಒಂದೇ ಥರ. ತೂಗಬೇಕು, ನೀರಿನಲ್ಲಿ ಮುಳುಗಿಸಿ ಗಾತ್ರ ನೋಡಬೇಕು, ಲೆಕ್ಕ ಹಾಕಿ ಕಳ್ಳನನ್ನು ಹಿಡಿಯಬೇಕು. ಸಮಯ ಒಂದು ಗಂಟೆ.

ಗಂಟೆ ಬಾರಿಸಿದ್ದೇ ತಡ, ಎಲ್ಲರೂ ತೂಗಲು ಶುರು. ನಾನೂ ಶುರು ಮಾಡಿದೆ. ಮೊದಲನೇ ತುಂಡು ಇಟ್ಟೆ, ಬರೆದುಕೊಂಡೆ. ಎರಡನೆಯದು ಇಟ್ಟೆ. ಮೂರನೆಯದಕ್ಕೆ ಕೈ ಹಾಕಿದಾಗ ಕಿವಿಯಲ್ಲಿ ನೀನು ಬಂದು ಕೂತೆ. ಪೇಟೆ ಬೀದಿಯಲ್ಲಿ ಯಾವ ಅಂಗಡಿಗೆ ಹೋದರೂ, ಮಾಲೀಕ ಎಷ್ಟೇ ಅವಸರ ಮಾಡಿದರೂ, ನೀನು ಮೊದಲು ಮಾಡುವ ಕೆಲಸ ಒಂದೇ. ಒಂದೇ ತೂಕದ ಕಲ್ಲನ್ನು ತಟ್ಟೆಯ ನಡುವೆ ಇಟ್ಟು ನೋಡುತ್ತೀಯ, ಆಮೇಲೆ ನಾಲ್ಕು ಮೂಲೆಗೂ ಇಟ್ಟು ನೋಡುತ್ತೀಯ. ಎಲ್ಲ ಕಡೆ ಒಂದೇ ಉತ್ತರ ಬರೋ ತನಕ ಇದರ ಮಾತು ಕೇಳಬಾರದು ಕಣೇ ಅಂತ ನನಗೆ ಏಳು ವರ್ಷ ಇದ್ದಾಗಿನಿಂದ ಹೇಳಿದ್ದೀಯ.

ನನ್ನ ಹತ್ತಿರ ಭಾರದ್ದೊಂದು ವಸ್ತು ಇತ್ತು. (ಯಾವುದು ಅಂತ ಈಗ ಕೇಳಬೇಡ.) ನಡುವೆ ಇಟ್ಟೆ, ಸರಿ. ಮುಂದಿನ ಎರಡು ಮೂಲೆ, ಸರಿ. ಹಿಂದಿನ ಬಲ ಮೂಲೆ, ಸರಿ. ಹಿಂದಿನ ಎಡ ಮೂಲೆಗೆ ಇಟ್ಟೆ ನೋಡು, ಎರಡು ಗ್ರಾಂ ಮಾಯ! ಆ ಕಡೆಯಿಂದ ಎತ್ತಿ ಮತ್ತೆ ಇಟ್ಟೆ. ಮತ್ತೆ ಎರಡು ಗ್ರಾಂ ಮಾಯ. ಅಮ್ಮಾ, ಆ ಕ್ಷಣಕ್ಕೆ ನನಗೆ ಪರೀಕ್ಷೆ ಮರೆತೇ ಹೋಯಿತು. ನಿನ್ನ ಮಗಳಲ್ಲವಾ, ಬಗ್ಗಿ ತಕ್ಕಡಿಯ ಕಾಲು ನೋಡಿದೆ, ಮಟ್ಟ ಸರಿ ಮಾಡಿದೆ, ತಟ್ಟೆ ಎತ್ತಿ ಕೆಳಗೆ ಇಣುಕಿದೆ. ಮೇಲ್ವಿಚಾರಕರು ಓಡಿ ಬಂದರು. ಏನಮ್ಮಾ, ಪರೀಕ್ಷೆ ಬರೆಯೋಕೆ ಬಂದಿದ್ದೀಯೋ, ರಿಪೇರಿ ಮಾಡೋಕೆ ಬಂದಿದ್ದೀಯೋ ಅಂದರು. ಇಡೀ ಲ್ಯಾಬು ಕಿಸಕ್ ಅಂತು. ತಟ್ಟೆ ವಾಪಸ್ ಕೂರಿಸಿ, ಮೊದಲಿನ ಎರಡನ್ನೂ ಹೊಡೆದು ಹಾಕಿ, ಎಲ್ಲವನ್ನೂ ನಟ್ಟ ನಡುವೆ ಇಟ್ಟು ಹೊಸದಾಗಿ ತೂಗಲು ಶುರು ಮಾಡಿದೆ. ಅಷ್ಟರಲ್ಲಿ ಇಪ್ಪತ್ತೈದು ನಿಮಿಷ ಮಣ್ಣು ಪಾಲು.

ಕೊನೆಯ ಗಂಟೆ ಹೊಡೆದಾಗ ಆರು ತುಂಡು ಮುಗಿದಿತ್ತು. ಆರೂ ಒಂದೇ ಲೋಹ. ಕಳ್ಳ ಉಳಿದ ನಾಲ್ಕರಲ್ಲಿ ಎಲ್ಲೋ ಆರಾಮಾಗಿ ಕೂತಿದ್ದ. ಉತ್ತರದ ಜಾಗದಲ್ಲಿ ಏನು ಬರೆಯಲಿ? ಊಹೆ ಹೊಡೆಯಬಹುದಿತ್ತು. ನೋಡದೆ ಇರೋದನ್ನ ನೋಡಿದೆ ಅನ್ನಬಾರದು ಅಂತ ನೀನು ಹೇಳುವುದು ನೆನಪಾಗಿ, ಈ ಆರರಲ್ಲಿ ಇಲ್ಲ, ಉಳಿದ ನಾಲ್ಕನ್ನು ಅಳೆಯಲಿಲ್ಲ ಅಂತಲೇ ಬರೆದೆ. ಕೆಳಗೆ ತಟ್ಟೆಯ ಚಿತ್ರ ಬಿಡಿಸಿ, ಹಿಂದಿನ ಎಡ ಮೂಲೆಗೆ ಗುರುತು ಹಾಕಿ, ಇಲ್ಲಿ ಎರಡು ಗ್ರಾಂ ಕಡಿಮೆ ತೋರಿಸುತ್ತದೆ, ನನ್ನ ನಂತರ ಈ ಮೇಜಿಗೆ ಬರುವವರಿಗೆ ದಯವಿಟ್ಟು ಹೇಳಿ ಅಂತ ಬರೆದು ಕೊಟ್ಟು ಬಂದೆ.

ಹೊರಗೆ ಬಂದು ಫೋನು ತೆರೆದರೆ ನಮ್ಮ ಅರ್ಜಿದಾರರ ಗ್ರೂಪು ಹೊತ್ತಿ ಉರಿಯುತ್ತಿತ್ತು. ಏಳನೇ ತುಂಡು, ಏಳನೇ ತುಂಡು ಅಂತ ನಮ್ಮ ತಂಡದವರೆಲ್ಲ ಪಟಾಕಿ ಹಾರಿಸುತ್ತಿದ್ದಾರೆ. ನೀನು ಎಷ್ಟು ಅಳೆದೆ ಅಂತ ಯಾರೋ ನನ್ನನ್ನು ಕೇಳಿದರು. ಆರು ಅಂದೆ. ಒಬ್ಬ ಮೇಣದ ಬತ್ತಿ ಹಾಕಿದ. ಇನ್ನೊಬ್ಬಳು, ಪಾಪ, ಮುಂದಿನ ವರ್ಷ ಇದೆಯಲ್ಲಾ ಅಂದಳು. ಗ್ರೂಪನ್ನು ಮ್ಯೂಟ್ ಮಾಡಿ ಕಾರಿಡಾರಿನ ಬೆಂಚಿನಲ್ಲಿ ಕೂತು ನಿನ್ನನ್ನೇ ಬೈದೆ. ನಿಜವಾಗಿಯೂ ಬೈದೆ ಅಮ್ಮಾ. ಎಲ್ಲರ ಅಮ್ಮಂದಿರೂ ಬೇಗ ಮುಗಿಸು ಅಂತ ಕಲಿಸಿರುತ್ತಾರೆ, ನನ್ನಮ್ಮ ಮಾತ್ರ ಮೂಲೆ ನೋಡು ಅಂತ ಕಲಿಸಿದಳಲ್ಲ ಅಂತ.

ಸಂಜೆ ಸಂದರ್ಶನದ ಪಟ್ಟಿ ಹಾಕಿದರು. ಅದರಲ್ಲಿ ನನ್ನ ನಂಬರು ಇತ್ತು. ಮೂರು ಸಲ ಕನ್ನಡಕ ಒರೆಸಿ ನೋಡಿದೆ.

ಮಾರನೇ ದಿನ ಒಳಗೆ ಹೋದರೆ ಮೂವರು ಪ್ರೊಫೆಸರುಗಳು. ಇಬ್ಬರು ಗಂಡಸರು, ನಡುವೆ ಬಿಳೀ ಜಡೆಯ ಒಬ್ಬರು ಮೇಡಂ. ಅವರ ಮುಂದೆ ನನ್ನ ಉತ್ತರದ ಹಾಳೆ, ಎಡ ಮೂಲೆಯ ಚಿತ್ರ ಮೇಲ್ಮುಖವಾಗಿ. ಜಡೆ ಮೇಡಂ ನೇರವಾಗಿ ಹೇಳಿದರು, ನಿನ್ನ ಚೀಟಿ ಓದಿ ನಾವು ಹೋಗಿ ನೋಡಿದ್ವಿ, ಆ ತಕ್ಕಡಿ ಎಷ್ಟು ತಿಂಗಳಿಂದ ಹಾಗಿದೆಯೋ ದೇವರಿಗೇ ಗೊತ್ತು, ಆ ಮೇಜಿನಲ್ಲಿ ಕೂತವರ ಅಂಕ ಎಲ್ಲಾ ಮತ್ತೆ ನೋಡಬೇಕಾಯ್ತು, ನಾಲ್ಕು ಮೂಲೆ ನೋಡಬೇಕು ಅಂತ ಯಾರು ಹೇಳಿಕೊಟ್ಟರು ಅಂತ.

ಇಲ್ಲಿಂದ ಮುಂದೆ ಬರೆಯಲು ಕಷ್ಟ. ಆದರೂ ಬರೆಯುತ್ತೇನೆ.

ಪುಸ್ತಕದಲ್ಲಿ ಓದಿದ್ದೆ ಅಂದೆ.

ಯಾವ ಪುಸ್ತಕ, ನನಗೂ ಕೊಡು, ಇಲ್ಲಿ ಯಾರೂ ಓದಿಲ್ಲ ಅಂದರು. ಪಕ್ಕದವರು ನಕ್ಕರು. ನಾನು ಮೇಜಿನ ಕಡೆ ನೋಡಿದೆ. ಯಾಕೆ ಅಂದರೆ ಅದೇ ಮೇಜಿನ ಮೇಲೆ ನನ್ನ ಅರ್ಜಿಯೂ ಇತ್ತು. ಅದರಲ್ಲಿ ತಾಯಿಯ ಉದ್ಯೋಗ ಅನ್ನುವ ಕಡೆ ನಾನು ಗೃಹಿಣಿ ಅಂತ ಬರೆದಿದ್ದೆ. ವಿಜ್ಞಾನದಲ್ಲಿ ಆಸಕ್ತಿ ಹುಟ್ಟಿದ್ದು ಹೇಗೆ ಅನ್ನುವ ಪ್ರಶ್ನೆಗೆ, ಗ್ರೂಪಿನಲ್ಲಿ ಯಾರೋ ಪಿನ್ ಮಾಡಿದ್ದ ಮಾದರಿ ಉತ್ತರವನ್ನೇ ಅಲ್ಲಿ ಇಲ್ಲಿ ಬದಲಾಯಿಸಿ, ಚಿಕ್ಕಂದಿನಿಂದ ನಕ್ಷತ್ರಗಳನ್ನು ನೋಡುತ್ತಾ ಬೆಳೆದೆ ಅಂತ ಹಾಕಿದ್ದೆ. ನಮ್ಮ ಮನೆಯಿಂದ ಎಲ್ಲಿ ಕಾಣುತ್ತೆ ನಕ್ಷತ್ರ? ಎದುರು ಬಿಲ್ಡಿಂಗಿನ ನೀರಿನ ಟ್ಯಾಂಕ್ ಕಾಣುತ್ತೆ.

ಆ ಎರಡು ಸೆಕೆಂಡಿನಲ್ಲಿ ಒಂದು ಮಧ್ಯಾಹ್ನ ನೆನಪಾಯಿತು. ನಿನಗೂ ನೆನಪಿದೆ ಅಂತ ನನಗೆ ಗೊತ್ತು. ಒಂಬತ್ತನೇ ಕ್ಲಾಸಿನಲ್ಲಿ ನನ್ನ ಗೆಳತಿ ಹೇಳದೆ ಕೇಳದೆ ಮನೆಗೆ ಬಂದಳು. ನೀನು ಮುಂದಿನ ಕೋಣೆಯಲ್ಲಿ ನೆಲದ ಮೇಲೆ ಕಾಲು ಚಾಚಿ, ಬಿಚ್ಚಿ ಹಾಕಿದ ತಕ್ಕಡಿಯ ನಡುವೆ, ಕೈಗೆಲ್ಲ ಗ್ರೀಸ್ ಮೆತ್ತಿಕೊಂಡು ಕೂತಿದ್ದೆ. ಅವರು ಯಾರೇ ಅಂತ ಅವಳು ಮೆಲ್ಲಗೆ ಕೇಳಿದಳು. ರಿಪೇರಿಯವರು ಅಂದೆ. ನಿನಗೆ ಕೇಳಿಸಿತು. ನೀನು ತಲೆ ಎತ್ತಿ ನನ್ನನ್ನು ನೋಡಿ, ಅವಳ ಕಡೆ ತಿರುಗಿ, ಹೌದಮ್ಮಾ, ಆಯ್ತು, ಇನ್ನೈದು ನಿಮಿಷ ಅಂದೆ. ನಿನ್ನದೇ ಮನೆಯಲ್ಲಿ ಸಾಮಾನು ಚೀಲಕ್ಕೆ ತುಂಬಿ, ಚಪ್ಪಲಿ ಹಾಕಿಕೊಂಡು, ಬರ್ತೀನಮ್ಮಾ ಅಂತ ನನಗೇ ಹೇಳಿ ಹೋದೆ. ಅವಳು ಹೊರಡುವ ತನಕ ನೀನು ಬೀದಿಯ ಆ ಬದಿಯಲ್ಲಿ ಬಿಸಿಲಿನಲ್ಲಿ ನಿಂತಿದ್ದೆ. ನಾನು ಕಿಟಕಿಯಿಂದ ನೋಡಿದೆ. ಆಮೇಲೆ ನೀನು ಒಳಗೆ ಬಂದು, ಅವಳಿಗೆ ಕುಡಿಯೋಕೆ ಏನಾದ್ರೂ ಕೊಟ್ಯಾ ಅಂತ ಕೇಳಿದೆ. ಅಷ್ಟೇ. ನಾಲ್ಕು ವರ್ಷ ಆಯಿತು, ನೀನು ಒಂದು ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಹಾಗಾಗಿ ಜಡೆ ಮೇಡಂ ಮುಂದೆ ಬಾಯಿ ಬಿಟ್ಟೆ. ಪುಸ್ತಕ ಅಲ್ಲ ಮೇಡಂ, ನಮ್ಮಮ್ಮ. ಪೇಟೆಯಲ್ಲಿ ಎಲ್ಲಾ ಅಂಗಡಿಗಳ ತಕ್ಕಡಿ ರಿಪೇರಿ ಮಾಡ್ತಾರೆ ಅಂದೆ. ಅವರು ಅರ್ಜಿ ತಿರುಗಿಸಿ, ಇಲ್ಲಿ ಗೃಹಿಣಿ ಅಂತಿದೆಯಲ್ಲ ಅಂದರು. ಅದು ಸುಳ್ಳು, ನಕ್ಷತ್ರದ್ದೂ ಸುಳ್ಳು ಅಂದುಬಿಟ್ಟೆ. ಸೀಟು ಹೋಯಿತು ಅಂತಲೇ ಅಂದುಕೊಂಡೆ. ಮೇಡಂ ಕನ್ನಡಕ ತೆಗೆದರು. ಈ ಸಲ ಚಿಕ್ಕಂದಿನಿಂದ ನಕ್ಷತ್ರ ನೋಡ್ತಾ ಬೆಳೆದವರು ಎಂಬತ್ತು ಜನ ಬಂದಿದ್ದಾರೆ, ತಕ್ಕಡಿ ನೋಡ್ತಾ ಬೆಳೆದವಳು ನೀನೊಬ್ಬಳೇ, ಅದನ್ನ ಮುಚ್ಚಿಟ್ಟಿದ್ದೀಯಲ್ಲೇ ಹುಡುಗಿ ಅಂದರು. ತಮ್ಮ ಪೆನ್ನನ್ನೇ ಕೊಟ್ಟರು. ಗೃಹಿಣಿ ಹೊಡೆದು ಹಾಕಿ, ತಕ್ಕಡಿ ತಜ್ಞೆ ಅಂತ ದಪ್ಪಕ್ಷರದಲ್ಲಿ ಬರೆದೆ.

ಅಷ್ಟಕ್ಕೇ ಬಿಟ್ಟರು ಅಂದುಕೊಂಡೆಯಾ? ಮೂಲೆಯಲ್ಲಿ ಯಾಕೆ ತಪ್ಪು ತೋರಿಸುತ್ತೆ ಹೇಳು ಅಂದರು. ನೀನು ಹೇಳಿದ್ದನ್ನೇ ಹೇಳಿದೆ. ನಡುವೆ ಒತ್ತಿದರೆ ಒಳಗೆ ತೂಕ ಹಿಡಿಯುವ ಲೋಹದ ಪಟ್ಟಿ ಬಾಗುತ್ತೆ, ಮೂಲೆಯಲ್ಲಿ ಒತ್ತಿದರೆ ಬಾಗೋದರ ಜೊತೆ ತಿರುಚಿಕೊಳ್ಳುತ್ತೆ, ಒಳ್ಳೇ ತಕ್ಕಡಿ ತಿರುಚಿದ್ದನ್ನ ಲೆಕ್ಕಕ್ಕೆ ತಗೊಳ್ಳಲ್ಲ, ಕೆಟ್ಟದ್ದು ತಗೊಳ್ಳುತ್ತೆ. ಹಾಗಾದರೆ ಬೋರ್ಡಿನ ಮೇಲೆ ಸಮೀಕರಣ ಬರಿ ಅಂದರು. ಒಂದು ಕಡೆ ಪ್ಲಸ್ ಬದಲು ಮೈನಸ್ ಹಾಕಿದೆ. ಉತ್ತರ ವಿಚಿತ್ರವಾಗಿ ಬಂತು, ನಾನೇ ಹಿಂದೆ ಹೋಗಿ ಹುಡುಕಿ ತಿದ್ದಿದೆ. ಅಲ್ಲಿಯವರೆಗೆ ಸುಮ್ಮನೆ ಕೂತಿದ್ದ ಮೂರನೆಯವರು ಆಗ ಮೊದಲ ಸಲ ತಲೆಯಾಡಿಸಿದರು.

ನಲವತ್ತರಲ್ಲಿ ನಾನು ಮೂವತ್ತೊಂಬತ್ತನೆಯವಳು. ನಗಬೇಡ. ಬಾಗಿಲು ಹಾಕುವುದರೊಳಗೆ ಒಳಗಿದ್ದೇನೆ! ಗ್ರೂಪಿನಲ್ಲಿ ಮೇಣದ ಬತ್ತಿ ಹಾಕಿದ್ದವನಿಗೆ ಅದೇ ಮೇಣದ ಬತ್ತಿ ವಾಪಸ್ ಕಳಿಸಿ, ಹುಟ್ಟುಹಬ್ಬಕ್ಕೆ ಇಟ್ಟುಕೋ ಅಂದೆ. ಆಮೇಲೆ ನಿನ್ನ ನಾಲ್ಕು ಮೂಲೆಯ ಪಾಠವನ್ನು ಪೂರ್ತಿ ಬರೆದು ಹಾಕಿದೆ. ಈಗ ಪಿನ್ ಆಗಿರುವುದು ಅದು. ಇನ್ನೂರು ಜನ ಹೃದಯ ಒತ್ತಿದ್ದಾರೆ. ಯಾರು ಬರೆದದ್ದು ಅಂತ ಕೇಳಿದವರಿಗೆಲ್ಲ, ನಮ್ಮಮ್ಮ, ನಾನು ಅವರ ಮೊದಲನೇ ಫ್ಯಾನ್, ಲೈನಿನಲ್ಲಿ ನನ್ನ ಹಿಂದೆ ನಿಲ್ಲಿ ಅಂತ ಹೇಳುತ್ತಿದ್ದೇನೆ.

ಒಂದು ಕೆಲಸವಿದೆ. ಲ್ಯಾಬಿನಲ್ಲಿ ಒಟ್ಟು ಮೂವತ್ತು ತಕ್ಕಡಿ ಇವೆಯಂತೆ, ನಿಮ್ಮಮ್ಮ ಬಂದು ಎಲ್ಲಾ ನೋಡಿಕೊಡ್ತಾರಾ ಅಂತ ಜಡೆ ಮೇಡಂ ಕೇಳಿದರು. ಬರ್ತಾರೆ ಅಂತ ನಿನ್ನನ್ನು ಕೇಳದೆಯೇ ಹೇಳಿಬಿಟ್ಟೆ. ಗ್ರೀಸಿನ ಸೀರೆಯಲ್ಲೇ ಬಾ, ತುರುಬಿನಲ್ಲಿ ಸ್ಕ್ರೂಡ್ರೈವರ್ ಸಿಕ್ಕಿಸಿಕೊಂಡೇ ಬಾ. ಗೇಟಿನಲ್ಲಿ ನಿಂತಿರುತ್ತೇನೆ. ಅವರು ಯಾರು ಅಂತ ಯಾರಾದರೂ ಕೇಳಿದರೆ ರಿಪೇರಿಯವರು ಅಂತಲೇ ಹೇಳುತ್ತೇನೆ. ಈ ಸಲ ಅಲ್ಲಿಗೇ ನಿಲ್ಲಿಸುವುದಿಲ್ಲ. ನಮ್ಮಮ್ಮ ಅಂತ ಇಡೀ ಕಾರಿಡಾರಿಗೆ ಕೇಳುವ ಹಾಗೆ ಹೇಳುತ್ತೇನೆ.

ಕಿಟಕಿಯಿಂದ ನೋಡುತ್ತಾ ಸುಮ್ಮನೆ ನಿಂತಿದ್ದವಳು,
ನಿನ್ನ ಮಗಳು

ಮರೆತಿದ್ದು: ನಿನ್ನ ಪೆಟ್ಟಿಗೆಯಿಂದ ಕಾಣೆಯಾದ ಹಿತ್ತಾಳೆಯ ನೂರು ಗ್ರಾಂ ಕಲ್ಲು ನನ್ನ ಹತ್ತಿರ ಇದೆ. ಹುಡುಕುವುದು ಬಿಟ್ಟು ಬೀರು ಕೆಳಗಿಂದ ಹೊರಗೆ ಬರಲು ಅಪ್ಪನಿಗೆ ಹೇಳು, ಅವನು ಕಳೆದಿಲ್ಲ. ಹೊರಡುವ ದಿನ ನಾನೇ ಎತ್ತಿ ಪೆನ್ಸಿಲ್ ಡಬ್ಬಿಗೆ ಹಾಕಿಕೊಂಡೆ. ಗೇಟಿನವನು ಇದೇನು ಅಂತ ಕೇಳಿದಾಗ ಪೇಪರ್ ವೇಟ್ ಅಂದೆ. ಪರೀಕ್ಷೆಗೆ ಬೇಕಾಗುತ್ತದೆ ಅಂತ ತಂದದ್ದಲ್ಲ ಅಮ್ಮಾ. ಜೊತೆಗೆ ಬರ್ತೀನಿ ಅಂತ ನೀನು ಹೊರಟು ನಿಂತಾಗ, ಬೇಡ, ಎಲ್ಲರೂ ನೋಡ್ತಾರೆ ಅಂದಿದ್ದೆನಲ್ಲ. ಹಾಗೆ ಅಂದ ಮೇಲೆ ಒಬ್ಬಳೇ ಬಸ್ಸು ಹತ್ತಲು ಭಯವಾಯಿತು. ಸಂದರ್ಶನ ಮುಗಿದ ಮೇಲೆ ಜಡೆ ಮೇಡಂ ಅದನ್ನು ತಮ್ಮ ಗಾಜಿನ ಪೆಟ್ಟಿಗೆಯೊಳಗಿನ ಸೂಕ್ಷ್ಮ ತಕ್ಕಡಿಯ ಮೇಲಿಟ್ಟು ನೋಡಿದರು. ನೂರು ಅಂದರೆ ನೂರು. ಒಂದು ಕೂದಲು ಆಚೆ ಈಚೆ ಇಲ್ಲ.