ಅಪ್ಪ ತುಂಬಿಸಿದ ಆಯಿಲ್

ಉಪ್ಸಾಲಾ, ಅಕ್ಟೋಬರ್

ಅಪ್ಪಾ,

ನೀನು ತೀರಿಕೊಂಡ ಮೇಲೂ ಬರೆಯುತ್ತಿದ್ದೇನೆ, ಕ್ಷಮಿಸು. ಇವತ್ತು ನಿನ್ನ ಕಾರಿನ ಆಯಿಲ್ ಬದಲಾಯಿಸಿದೆವು.

ಚಳಿಗಾಲದ ಟೈರು ಹಾಕಿಕೊಡಲು ಬಂದ ನಿನ್ನಕ್ಕ, ಗುನ್ವೋರ್ ಅತ್ತೆ, ಆಯಿಲ್ ಅಳೆಯುವ ಕಡ್ಡಿ ಎಳೆದು ನೋಡಿ ರೇಗಿಸಿದರು: "ಇಂಗ್ಲಿಷ್ ರಾಣೀ, ನಿಂಗೆ ಗಂಟೆಗೊಂದು ಹೊಸ ಚಹಾ ಬೇಕು, ಈ ಬಡಪಾಯಿಗೆ ಹಳೇದೇ ಸಾಕಾ?"

"ಕಾಲೇಜಿಗಷ್ಟೇ ಓಡಿಸೋದು, ಅತ್ತೆ."

"ಕಡಿಮೆ ಓಡಿದ್ರೂ ವರ್ಷಕ್ಕೊಂದ್ಸಲ ಬದಲಾಯಿಸ್ಬೇಕು ಕಣೇ. ಇಲ್ದಿದ್ರೆ ಇಂಜಿನ್ನೇ ಹೋಗುತ್ತೆ."

"ಅಪ್ಪ ಎಷ್ಟು ಸಲ ಮಾಡ್ತಿದ್ರು?"

"ನಂಗೇನು ಗೊತ್ತು? ಬಾನೆಟ್ ಮುಟ್ಟೋಕೂ ಬಿಡ್ತಿರ್ಲಿಲ್ಲ, ಪುಣ್ಯಾತ್ಮ."

ಅದು ನೀನು ಕೊನೆಯ ಸಲ ತುಂಬಿಸಿದ ಆಯಿಲ್; ಅದಕ್ಕೇ ಚೆಲ್ಲಲು ನನಗೆ ಮನಸ್ಸಿರಲಿಲ್ಲ. ಅತ್ತೆ ಇಂಜಿನ್ನಿನ ಕೆಳಗಿನ ಬಿರಡೆ ಬಿಚ್ಚಿದರು; ಅದು ಕಪ್ಪಗೆ ಇಳಿದು ತಟ್ಟೆ ತುಂಬಿತು.

ನೀನು ವರ್ಷಕ್ಕೆ ಎಷ್ಟು ಸಲ ಬದಲಾಯಿಸುತ್ತಿದ್ದೆ? ನಾನು ಇಂಗ್ಲೆಂಡಿನ ಹಾಸ್ಟೆಲಿನಲ್ಲಿದ್ದೆ, ನೋಡಿಲ್ಲ. ಬೇಗ ಉತ್ತರ ಬರೆ.