ಹೊಂಗೆ ಮರದಲ್ಲಿ ಉಳಿದ ಪುಳಿಯೋಗರೆ

ಪ್ರೀತಿಯ ಮೇಷ್ಟ್ರಿಗೆ,

ಈ ವರ್ಷ ಶಿವರಾತ್ರಿ ಕಳೆದ ಮೊದಲ ಭಾನುವಾರ, ಕಾವೇರಿಯ ನಡುಗಡ್ಡೆಯ ಸುತ್ತ ನೀವು ನಮ್ಮನ್ನು ನಡೆಸುತ್ತಿದ್ದ ದಾರಿಗೆ ಬೀಗ ಬಿತ್ತು. ನಾವು ಒಳಗಿರುವಾಗಲೇ ಬಿತ್ತು. ಜೊತೆಯಲ್ಲಿ ನಿಮ್ಮ ಮನೆಯವರು, ಕಮಲಮ್ಮನವರೂ ಇದ್ದರು.

ಹರಿಗೋಲಿನಿಂದ ಇಳಿದ ಕೂಡಲೇ ಪುಳಿಯೋಗರೆಯ ಚೀಲವನ್ನು ದಡದ ಹೊಂಗೆ ಮರಕ್ಕೆ ನೇತುಹಾಕಿಸುತ್ತಿದ್ದಿರಿ, ನೆನಪಿದೆಯೇ? ಪೂರ್ತಿ ಸುತ್ತು ಬಂದವರಿಗೆ ಮಾತ್ರ ಊಟ. ಅರ್ಧದಲ್ಲಿ ತಿರುಗಿದವರಿಗೆ ಹೊಳೆ ನೀರು. ಪ್ರತಿ ವರ್ಷ ಆ ಪುಳಿಯೋಗರೆ ಕಲೆಸಿಕೊಟ್ಟ ಕಮಲಮ್ಮನವರು ಮಾತ್ರ ಆ ಮರವನ್ನೇ ನೋಡಿರಲಿಲ್ಲ. "ಮುಂದಿನ ವರ್ಷ ಬರುವೆಯಂತೆ ಬಿಡೇ" ಎನ್ನುತ್ತಿದ್ದಿರಿ. ಆ ಮುಂದಿನ ವರ್ಷ ಬರುವ ಹೊತ್ತಿಗೆ ನೀವೇ ಇರಲಿಲ್ಲ.

ಗಾಂಧಿ ಬಜಾರಿನಲ್ಲಿ ಬಾಳೆಲೆ ಆರಿಸುತ್ತ ಅವರೇ ಹೇಳಿದರು: "ಈ ಸಲ ನಾನೂ ಬರ್ತೀನಿ. ಮಂಡಿ ನಂದು, ನೋವೂ ನಂದು. ನೀವ್ಯಾರೂ ಮಾತಾಡ್ಬೇಡಿ."

ನಡೆದರು, ಮೇಷ್ಟ್ರೇ. ಹೊಳೆ ತಗ್ಗಿ ಬಂಡೆಗಳು ಮೇಲೆದ್ದಿದ್ದವು. ಮುತ್ತುಗ ಎಲೆಯೆಲ್ಲ ಉದುರಿಸಿ ಬರೀ ಹೂವಾಗಿ ನಿಂತಿತ್ತು. ಅದರ ಕೆಳಗೆ ಕೂತು, "ಇಷ್ಟು ವರ್ಷ ಇದನ್ನೆಲ್ಲ ನಿಮ್ಮ ಮೇಷ್ಟ್ರು ಒಬ್ರೇ ನೋಡ್ಕೊಂಡು ಬರ್ತಿದ್ರಲ್ಲ, ಜಾಣರು" ಎಂದರು. ನಿಮಗೆ ಕೇಳಿಸಿತೇ?

ಕೊನೆಯ ತಿರುವಿನಲ್ಲಿ ಹೊಸದೊಂದು ಗೇಟು ತೆರೆದಿತ್ತು. ಬೇರೆಯವರಾಗಿದ್ದರೆ ಅಲ್ಲೇ ಹಿಂದಿರುಗುತ್ತಿದ್ದರು. ನಾವು ನಿಮ್ಮ ಶಿಷ್ಯರು, ಒಳಗೆ ನಡೆದೆವು. ಮುಂದೆ ತಂತಿ ಜಾಲರಿ, ನೀರಿನೊಳಗಿನವರೆಗೂ. ಹಿಂದೆ ಬೀಗದ ಸದ್ದು. ಜಾಲರಿಯಾಚೆ ಹೊಂಗೆ ಮರ, ಅದರ ಎಳೆ ಚಿಗುರು, ನಮ್ಮ ಚೀಲ ಎಲ್ಲವೂ ಕಾಣುತ್ತಿದ್ದವು.

"ಇದು ರೆಸಾರ್ಟ್ ಜಾಗ. ಅಜ್ಜಿ, ವಾಪಸ್ ಹೋಗಿ" ಎಂದ ಕಾವಲುಗಾರ.

"ಎಲ್ಲಿಗಪ್ಪಾ ಹೋಗ್ಲಿ? ಹಿಂದೆ ನೀನೇ ಬೀಗ ಹಾಕಿದೀಯ."

"ಸಾಹೇಬ್ರು ಫೋನ್ ಎತ್ತೋವರ್ಗೂ ತೆಗೆಯಂಗಿಲ್ಲ. ಕೂತ್ಕೊಳಿ, ಕುರ್ಚಿ ಕೊಡ್ತೀನಿ."

"ಕುರ್ಚಿ ಬಸವನಗುಡೀಲೂ ಇದೆ. ದಾರಿ ಬಿಡು."

ಬಿಡಲಿಲ್ಲ. ನೆರಳಿಲ್ಲದ ಆ ಪಟ್ಟಿಯಲ್ಲಿ ಮಧ್ಯಾಹ್ನವೆಲ್ಲ ನಿಂತೆವು. ಒಂದು ಕಡೆ ಹರಿಯುವ ನೀರು, ಮೂರು ಕಡೆ ಕಬ್ಬಿಣ. ಕೊನೆಗೆ ರೆಸಾರ್ಟಿನವರೇ ಜೀಪಿನಲ್ಲಿ ಕೂರಿಸಿ, ಒಳದಾರಿಯಲ್ಲಿ ಬಳಸಿಕೊಂಡು ಬಂದು ಹೊಂಗೆ ಮರದ ಬುಡದಲ್ಲೇ ಇಳಿಸಿದರು. ನಾನು ಚೀಲ ಇಳಿಸಿ ಎಲೆ ಹಾಸಿದೆ. ಕಮಲಮ್ಮನವರು ಕೈ ಅಡ್ಡ ಹಿಡಿದರು.

"ನಾನು ಸುತ್ತು ಬಂದಿಲ್ಲ. ತಿನ್ನಲ್ಲ."

ಅವರು ತಿನ್ನದೆ ನಾವು ಹೇಗೆ ತಿನ್ನುವುದು? ಚೀಲವನ್ನು ಮತ್ತೆ ಕೊಂಬೆಗೇ ಕಟ್ಟಿ, ಇಳಿಸಬೇಡವೆಂದು ಹರಿಗೋಲಿನವನಿಗೆ ಹೇಳಿ ಹೊರಟೆವು.

ನಿಮಗೆ ಗೊತ್ತಿಲ್ಲದ ಸುದ್ದಿ ಇದು: ಕಮಲಮ್ಮನವರು ಈಗ ದಿನಾ ಸಂಜೆ ಬ್ಯೂಗಲ್ ರಾಕ್ ಪಾರ್ಕನ್ನು ಸುತ್ತುತ್ತಾರೆ, ಮಂಡಿಗೆ ಪಟ್ಟಿ ಕಟ್ಟಿಕೊಂಡು. ಅಲ್ಲೂ ಗೇಟು ಮುಚ್ಚುವ ಶಿಳ್ಳೆ ಕೇಳಿದರೆ ಬೆಚ್ಚಿ ನನ್ನ ತೋಳು ಹಿಡಿಯುತ್ತಾರೆ. ಸಿಕ್ಕಿದಾಗಲೆಲ್ಲ ಕೇಳುವುದು ಒಂದೇ: "ಏನಂದ್ರಪ್ಪಾ ಅವರು?" ದಾರಿ ಬಿಡಿಸಲು ನಾನು ಹತ್ತಿದ ಕಚೇರಿಗಳಲ್ಲಿ ಒಬ್ಬರು ಇನ್ನೊಬ್ಬರ ಬಾಗಿಲು ತೋರಿಸಿದರು, ಅಷ್ಟೇ. ದನಗಳೂ ಮೀನು ಹಿಡಿಯುವವರೂ ತಲೆತಲಾಂತರದಿಂದ ನಡೆದ ದಾರಿ ಅದು. ಅದಕ್ಕೆ ಬೀಗ ಹಾಕಲು ಯಾರು ಒಪ್ಪಿಗೆ ಕೊಟ್ಟರು? ಯಾವ ಅಧಿಕಾರದಿಂದ? ಮುಚ್ಚಿದ ಕೋಣೆಯಲ್ಲಿ ನನ್ನೊಬ್ಬನಿಗೆ ಹೇಳುವುದು ಬೇಡ. ಒಪ್ಪಿಗೆ ಕೊಟ್ಟವರು ಆ ಹೊಂಗೆ ಮರದ ಕೆಳಗೆ ಬಂದು, ಎಲ್ಲರೆದುರು, ಕಮಲಮ್ಮನವರಿಗೆ ಉತ್ತರ ಹೇಳಲಿ.